ವಾಸನೆಯಿಲ್ಲದ ಎಣ್ಣೆ

ಸಿಂಧನೂರಿನಲ್ಲಿ ಅಲ್ಲಾಭಕ್ಷ್ ಅವರ ಮನೆ ಹುಡುಕಿಕೊಂಡು ಬರುವವರಿಗೆ ಯಾರೂ ದಾರಿ ಹೇಳಬೇಕಾಗಿರಲಿಲ್ಲ. ಗಂಜ್ ಮಾರುಕಟ್ಟೆಯ ಹಿಂದಿನ ಗಲ್ಲಿಗೆ ಬಂದರೆ ಸಾಕು, ಮೂಗೇ ಕೈಹಿಡಿದು ಬಾಗಿಲ ತನಕ ಕರೆದೊಯ್ಯುತ್ತಿತ್ತು. ತಾತನ ಕಾಲದಿಂದ ಅತ್ತರಿನ ವ್ಯಾಪಾರ. ಮಸೀದಿ ಎದುರಿನ ಸಣ್ಣ ಅಂಗಡಿಯಲ್ಲಿ ಮಾರುವುದು, ಮಸ್ಕಿ, ಲಿಂಗಸುಗೂರು, ಹಟ್ಟಿಯ ಅಂಗಡಿಗಳಿಗೂ ಕಳಿಸುವುದು. ಸೀಸೆ ತುಂಬುವ ಕೆಲಸವೆಲ್ಲ ಮನೆಯ ಪಡಸಾಲೆಯಲ್ಲಿ. ಹಾಲು ಕೆಟ್ಟಿದೆಯೋ ಇಲ್ಲವೋ, ಬಂದ ನೆಂಟರು ಸ್ನಾನ ಮಾಡಿ ಹೊರಟಿದ್ದಾರೋ ಹಾಗೇ ಬಂದಿದ್ದಾರೋ, ಬೀಗರ ಬಿರಿಯಾನಿಯಲ್ಲಿ ಕೇಸರಿ ಇದೆಯೋ ಬರೀ ಬಣ್ಣವೋ, ಆ ಮನೆಯಲ್ಲಿ ಎಲ್ಲ ತೀರ್ಪೂ ಮೂಗಿನದೇ. ಮೂಗು ಒಪ್ಪಿದ್ದು ಒಳ್ಳೆಯದು, ಮೂಗು ಒಪ್ಪದ್ದು ಕೆಟ್ಟದ್ದು. ಇಷ್ಟು ಸಲೀಸಾದ ಕಾನೂನು ಬೇರೆ ಯಾವ ಮನೆಯಲ್ಲೂ ಇರಲಿಲ್ಲ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಮಸ್ಕಿಯ ಕಹಕಶಾ. ಅವಳ ಮೂಗು ಮಾವನ ಮೂಗಿಗಿಂತ ಚುರುಕು ಎಂಬುದು ಮದುವೆಯಾದ ವರ್ಷವೇ ಗೊತ್ತಾಯಿತು. ಕಣ್ಣು ಮುಚ್ಚಿಕೊಂಡು ಇದು ಈ ವರ್ಷದ ಲಾವಂಚದ ಖಸ್, ಇದು ಹೋದ ವರ್ಷದ್ದು ಎಂದು ಹೇಳಿಬಿಡುತ್ತಿದ್ದಳು. ಅಲ್ಲಾಭಕ್ಷ್ ಅಂಗಡಿಗೆ ಬಂದವರ ಮುಂದೆಲ್ಲ ಸೊಸೆಯ ಮೂಗಿನ ಗುಣಗಾನ ಮಾಡಿ, ಮಗ ವಾಸಿಂನನ್ನು ನಾಚಿಸುತ್ತಿದ್ದರು. ವಾಸಿಂಗೆ ಗುಲಾಬಿಗೂ ಮೊಗ್ರಾ ಮಲ್ಲಿಗೆಗೂ ಇರುವ ವ್ಯತ್ಯಾಸವೇ ಸೀಸೆಯ ಮೇಲಿನ ಚೀಟಿ ನೋಡಿ ತಿಳಿಯಬೇಕು, ಪಾಪ.

ಆದರೆ ಕಹಕಶಾ ಆ ಮನೆಗೆ ಅಂಟಿಕೊಂಡದ್ದು ಗಂಡನಿಂದಲೂ ಅಲ್ಲ, ಮಾವನ ಹೊಗಳಿಕೆಯಿಂದಲೂ ಅಲ್ಲ. ಅತ್ತೆ ಜೈನಾಬೀಯಿಂದ. ಜೈನಾಬೀ ಮುಟ್ಟದೆ ಮಾತಾಡಲು ಬಾರದ ಹೆಂಗಸು. ತರಕಾರಿಯವಳ ಭುಜ ತಟ್ಟುತ್ತ ಚೌಕಾಸಿ ಮಾಡುವಳು, ಬೈಯುವಾಗಲೂ ಬೈಸಿಕೊಳ್ಳುವವರ ಕೈ ಹಿಡಿದುಕೊಂಡೇ ಬೈಯುವಳು. ಅಡುಗೆಮನೆಯಲ್ಲಿ ಸೊಸೆ ಎದುರಾದರೆ ತಲೆ ಸವರಿ ಮುಂದೆ ಹೋಗುವಳು, ಎಷ್ಟು ಸಲ ಎದುರಾದರೂ ಅಷ್ಟೂ ಸಲ. ಕಹಕಶಾ ಓಡಾಡಲು ಕಲಿಯುವ ಮೊದಲೇ ಅವಳ ತಾಯಿ ತೀರಿಹೋಗಿದ್ದಳು. ತವರಿನಲ್ಲಿ ಅಣ್ಣ ಅತ್ತಿಗೆ ಊಟಕ್ಕೆ ಕಮ್ಮಿ ಮಾಡಿರಲಿಲ್ಲ, ಆದರೆ ತಲೆ ಸವರುವವರು ಯಾರೂ ಇರಲಿಲ್ಲ. ಮೊದಮೊದಲು ಅತ್ತೆಯ ಕೈ ಅವಳಿಗೆ ಮುಜುಗರ ತಂದಿತು. ಆಮೇಲೆ ಆ ಕೈಗಾಗಿ ನೆಪ ಮಾಡಿಕೊಂಡು ಅಡುಗೆಮನೆಯಲ್ಲಿ ಅಡ್ಡಾಡತೊಡಗಿದಳು.

ಮೊದಲ ಬಸಿರು ನಿಲ್ಲಲಿಲ್ಲ. ಹೇಳಿಕೊಳ್ಳುವ ಮೊದಲೇ ಹೋಗಿತ್ತು. ಎರಡನೆಯದಕ್ಕೆ ಜೈನಾಬೀ ಯಾರ ಮಾತನ್ನೂ ಕೇಳದೆ ಸೊಸೆಯನ್ನು ಲಿಂಗಸುಗೂರಿನ ಡಾಕ್ಟರ್ ಸುಕನ್ಯಾ ಅವರ ಹತ್ತಿರ ಕರೆದುಕೊಂಡು ಹೋದಳು. ಅವರ ಕೈಗುಣ ಚಲೋ ಎಂದು ಹಟ್ಟಿಯಲ್ಲಿರುವ ಮಗಳು ಅರ್ಜುಮಂದ್ ಹೇಳಿದ್ದಳು. ಡಾಕ್ಟರು ಎಲ್ಲ ನೋಡಿ, ಮನೆಯ ಕಸುಬು ಏನೆಂದು ಕೇಳಿದರು. ಅತ್ತರು ಎಂದಾಗ ಹುಬ್ಬು ಗಂಟಿಕ್ಕಿದರು.

"ಈ ಸೆಂಟು, ಕೆಮಿಕಲ್ಲು ಇವುಗಳಿಂದ ಈಕಿ ದೂರ ಇರ್ಲಿ. ಹೆರಿಗಿ ಆಗೋತನಕ ಆ ಕೆಲಸ ಬ್ಯಾಡ," ಎಂದರು.

ಹೊರಗೆ ಇನ್ನೂ ಎಷ್ಟೋ ಜನ ಬಸುರಿಯರು ಕಾಯುತ್ತಿದ್ದರು. ಹೆಚ್ಚು ಬಿಡಿಸಿ ಹೇಳಲು ಅವರಿಗೆ ಹೊತ್ತಿರಲಿಲ್ಲ. ಜೈನಾಬೀಗೆ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ, ಎಲ್ಲ ಅರ್ಥವಾಯಿತು ಎಂದುಕೊಂಡಳು. ಮನೆಗೆ ಬಂದವಳೇ ಚೂಡಿದಾರದ ತೋಳು ಮೇಲೇರಿಸಿದಳು. ಹಿನಾ, ಶಮಾಮಾ, ಮಜ್ಮುಆ, ಇದ್ದ ಬಿದ್ದ ಅತ್ತರಿನ ಡಬ್ಬಗಳೆಲ್ಲ ಅಂಗಡಿಗೆ ಸಾಗಿದವು. ಪಡಸಾಲೆಯನ್ನು ಸೋಪು ನೀರು ಹಾಕಿ ಉಜ್ಜಿಸಿದಳು. ಗಂಡ, ಮಗ ಇಬ್ಬರೂ ಅಂಗಡಿಯ ಹಿಂದಿನ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು, ಅಂಗಿ ಬದಲಿಸಿಯೇ ಮನೆಯೊಳಗೆ ಕಾಲಿಡಬೇಕೆಂದು ಹುಕುಂ ಹೊರಡಿಸಿದಳು. ತಾತನ ಕಾಲದಿಂದ ಘಮಘಮಿಸುತ್ತಿದ್ದ ಮನೆಯಲ್ಲಿ ಈಗ ಒಗ್ಗರಣೆ ಮತ್ತು ಫಿನಾಯಿಲ್ ವಾಸನೆ. ವಾಸಿಂನ ಬೆವರಿಗೂ ಒಂದು ವಾಸನೆ ಇದೆಯೆಂದು ಹೆಂಡತಿಗೆ ತಿಳಿದದ್ದು ಆಗಲೇ. ಅದನ್ನು ಹೇಳಿ ಅವಳು ನಕ್ಕಾಗ, ಅವನು ಮುಖ ಊದಿಸಿಕೊಂಡು ಇನ್ನೊಮ್ಮೆ ಸ್ನಾನಕ್ಕೆ ಹೋದ.

ತಿಂಗಳು ಕಳೆಯುತ್ತಿದ್ದಂತೆ ಕಹಕಶಾಗೆ ಕೈ ಕಟ್ಟಿ ಕೂರುವುದು ಬೇಸರವಾಯಿತು. ಮಾವ, ಗಂಡ ಇಬ್ಬರೇ ಸೀಸೆ ತುಂಬಿ ಪೂರೈಸಲಾರದೆ ಒದ್ದಾಡುತ್ತಿದ್ದರು. "ಏನಾರ ಕೆಲಸ ಕೊಡ್ರಿ ಅಮ್ಮೀ," ಎಂದು ದುಂಬಾಲು ಬಿದ್ದಳು. ಜೈನಾಬೀ ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡಳು.

ಅತ್ತರಿನ ವ್ಯಾಪಾರದ ಒಳಗುಟ್ಟೊಂದಿದೆ. ಸೀಸೆಯಲ್ಲಿ ನಿಜವಾದ ಅತ್ತರು ಇರುವುದು ಕೆಲವೇ ಹನಿ. ಉಳಿದದ್ದನ್ನು ತುಂಬುವುದು ಬಣ್ಣವಿಲ್ಲದ, ವಾಸನೆಯಿಲ್ಲದ, ಎಣ್ಣೆಯಂತೆ ಜಾರುವ ಒಂದು ದ್ರವ. ಹೈದರಾಬಾದಿನಿಂದ ದೊಡ್ಡ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಬರುತ್ತಿತ್ತು. ಕ್ಯಾನಿನ ಮೇಲೆ ಡಿ.ಇ.ಪಿ. ಎಂದು ಮೂರು ಅಕ್ಷರ ಬರೆದಿರುತ್ತಿತ್ತು. ಮನೆಯವರು ಅದನ್ನು ಸಾದಾ ತೇಲ್ ಎನ್ನುತ್ತಿದ್ದರು. ಯಾವ ಪರಿಮಳ ಬೆರೆಸಿದರೂ ಅದನ್ನು ಹೊತ್ತುಕೊಂಡು ಸುಮ್ಮನಿರುತ್ತಿತ್ತು, ತನ್ನದೆಂದು ಏನನ್ನೂ ಸೇರಿಸುತ್ತಿರಲಿಲ್ಲ. ಹಾಗಾಗಿ ಅದು ಅತ್ತರು ಅಲ್ಲ, ಸೆಂಟೂ ಅಲ್ಲ, ಮೂಗಿನ ಕಾನೂನಿನ ಪ್ರಕಾರ ನೀರಿನಷ್ಟೇ ಸಾಧು.

"ನೀ ಸಾದಾ ತೇಲ್ ಇಷ್ಟ ತುಂಬು ಬೇಟಿ. ಅದಕ್ಕ ವಾಸನಿನ ಇಲ್ಲ. ಆಮ್ಯಾಲ ಅತ್ತರ್ ಹನಿ ಅವರು ಅಂಗಡ್ಯಾಗ ಹಾಕ್ಕೋತಾರ," ಎಂದಳು ಜೈನಾಬೀ.

ಕಹಕಶಾ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತು, ಸಿರಿಂಜಿನಲ್ಲಿ ಎಳೆದು ಎಳೆದು ಸೀಸೆಗಳಿಗೆ ತುಂಬುತ್ತಿದ್ದಳು. ಬೆರಳು ಸದಾ ಜಿಡ್ಡು ಜಿಡ್ಡು. ಚೆಲ್ಲಿದ್ದನ್ನು ಓಢಣಿಯ ಅಂಚಿನಿಂದ ಒರೆಸುತ್ತಿದ್ದಳು. ಅದೇ ಕೈಯಲ್ಲಿ ಅತ್ತೆ ತಂದುಕೊಟ್ಟ ಮಂಡಕ್ಕಿ ತಿನ್ನುತ್ತಿದ್ದಳು.

ಐದನೆಯ ತಿಂಗಳಿನಲ್ಲಿ ಹೊಟ್ಟೆಯ ಚರ್ಮ ಬಿಗಿದು ತುರಿಕೆ ಶುರುವಾಯಿತು. ಕೊಬ್ಬರಿ ಎಣ್ಣೆಯ ವಾಸನೆಗೆ ಅವಳಿಗೆ ವಾಂತಿ ಬರುತ್ತಿತ್ತು, ಸಾಸಿವೆ ಎಣ್ಣೆಯ ಮಾತೇ ಬೇಡ. ಆಗಲೂ ಜೈನಾಬೀಯೇ ಉಪಾಯ ಹುಡುಕಿದಳು. ಮಧ್ಯಾಹ್ನದ ನಮಾಜು ಮುಗಿಸಿ ಬಂದು, ಸೊಸೆಯನ್ನು ಮಲಗಿಸಿ, ಅಂಗೈಯಲ್ಲಿ ಸಾದಾ ತೇಲ್ ಹಾಕಿಕೊಂಡು, ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿ, ಹೊಟ್ಟೆಯ ಮೇಲೆ ಮೆಲ್ಲಗೆ ಸವರುತ್ತಿದ್ದಳು. ಸವರುತ್ತ ಒಳಗಿರುವ ಕೂಸಿನ ಜೊತೆ ಮಾತಾಡುತ್ತಿದ್ದಳು. ನಿನ್ನಜ್ಜನ ಮೂಗು ಬ್ಯಾಡ, ನಿನ್ನವ್ವನ ಮೂಗು ತಗೊಂಡು ಬಾ ಎನ್ನುತ್ತಿದ್ದಳು. ಕೂಸು ಒಮ್ಮೆ ಆ ಕೈಯ ಕೆಳಗೇ ಒದ್ದಿತು. ಜೈನಾಬೀ ಗಲ್ಲಿಗೆಲ್ಲ ಕೇಳುವಂತೆ ಕೂಗಿಕೊಂಡಳು. ಕಹಕಶಾ ಜೀವನದಲ್ಲಿ ಅಷ್ಟು ಸುಖವಾಗಿ ಎಂದೂ ಮಲಗಿರಲಿಲ್ಲ.

ಆರು ತುಂಬುವ ಮೊದಲೇ ನೋವು ಬಂತು. ಡಾಕ್ಟರು ಹಾರ್ಮೋನಿನ ಇಂಜೆಕ್ಷನ್ ಕೊಟ್ಟರು, ಕಾಲು ಎತ್ತರಕ್ಕಿಟ್ಟು ಮಲಗಿಸಿದರು. ನಿಲ್ಲಲಿಲ್ಲ. ಗಂಡು ಕೂಸು. ಉಸಿರಾಡಲಿಲ್ಲ. ಅದನ್ನು ತೊಳೆದು ಬಿಳಿ ಬಟ್ಟೆಯಲ್ಲಿ ಸುತ್ತಿದವಳು ಜೈನಾಬೀ. ಮಣ್ಣು ಮಾಡಿ ಬಂದವರು ವಾಸಿಂ ಮತ್ತು ಅಲ್ಲಾಭಕ್ಷ್. ಕಹಕಶಾ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಫ್ಯಾನು ತಿರುಗುವುದನ್ನು ನೋಡುತ್ತಿದ್ದಳು. ಎಲ್ಲರೂ ಅವಳು ಅಳಲಿ ಎಂದು ಕಾದರು. ಅವಳೂ ಕಾದಳು. ಅಳು ಬರಲಿಲ್ಲ.

ಮತ್ತೆ ತೋರಿಸಲು ಹೋದ ದಿನ ಜೈನಾಬೀಗೆ ಜ್ವರ. ವಾಸಿಂ ಜೊತೆಗೆ ಬಂದ. ಅವನು ಹೊರಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಡಾಕ್ಟರು ಕಹಕಶಾಳನ್ನು ಒಳಗೆ ಕರೆದರು. ಅವತ್ತು ಜನ ಕಮ್ಮಿ ಇದ್ದರು. ಸುಕನ್ಯಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು.

"ನೋಡು ಕಹಕಶಾ, ಕೂಸು ಹೊಟ್ಟ್ಯಾಗ ನಿಲ್ಲಬೇಕಂದ್ರ ಗರ್ಭಚೀಲ ಸುಮ್ಮನ ಇರಬೇಕು. ಅದನ್ನ ಸುಮ್ಮನ ಇಡೋದು ಒಂದು ಹಾರ್ಮೋನು. ಮೊದಲ ಎರಡು ಮೂರು ತಿಂಗಳು ಅಂಡಾಶಯ ಅದನ್ನ ಮಾಡ್ತೈತಿ. ಆಮ್ಯಾಲ ಆ ಕೆಲಸ ಮಾಸು ತನ್ನ ಮ್ಯಾಲ ತಗೋತೈತಿ. ಮಾಸು ಅಂದ್ರ ಕೂಸಿಗೆ ಅನ್ನ ನೀರು ಕೊಡೋದು ಅಷ್ಟ ಅಲ್ಲ, ಹಾರ್ಮೋನು ತಯಾರಾಗೋ ಅಡಿಗಿಮನಿನೂ ಅದ. ನಿನ್ನ ಮಾಸು ಸಣ್ಣದಿತ್ತು. ಹಾರ್ಮೋನೂ ಇರಬೇಕಾದಷ್ಟು ಇರಲಿಲ್ಲ."

"ಯಾಕ ಇರಲಿಲ್ಲ ರೀ ಮೇಡಮ್ಮಾರ?"

"ಕಾರಣ ಭಾಳ ಇರ್ತಾವ. ಒಂದೊಂದ ಸಲ ಕಾರಣನ ಸಿಗಲ್ಲ. ನಾ ಹೇಳಿದಂಗ ಸೆಂಟಿನ ಕೆಲಸ ಬಿಟ್ಟಿದ್ದಿ ಹೌದಿಲ್ಲೋ?"

"ಬಿಟ್ಟಿದ್ದೆ ರೀ. ಅತ್ತರ್ ಡಬ್ಬಿ ಮನ್ಯಾಗನ ಇಟ್ಟಿರಲಿಲ್ಲ. ಸಾದಾ ತೇಲ್ ಇಷ್ಟ ತುಂಬತಿದ್ದೆ. ಅದಕ್ಕ ವಾಸನಿ ಇರಂಗಿಲ್ರಿ."

"ಏನದು ಸಾದಾ ತೇಲ್?"

ಕಹಕಶಾ ಹೇಳಿದಳು. ಕ್ಯಾನಿನ ಮೇಲಿನ ಮೂರು ಅಕ್ಷರವನ್ನೂ ಹೇಳಿದಳು. ಸುಕನ್ಯಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ಎಣ್ಣಿ ಅಲ್ಲವ್ವ. ಥ್ಯಾಲೇಟ್ ಅಂತ, ರಾಸಾಯನಿಕ. ಆ ಜಾತಿವು ಚರ್ಮದಾಗಿಂದ ಒಳಗ ಇಳೀತಾವ. ರಕ್ತದಾಗ ಸೇರಿ ಮಾಸಿನ ತನಕ ಹೋಗ್ತಾವ. ಅಲ್ಲಿ ಹಾರ್ಮೋನು ಮಾಡೋ ಜೀವಕೋಶಗಳ ಕೆಲಸ ಕೆಡಸ್ತಾವ ಅಂತ ಸಂಶೋಧನೆ ಮಾಡಿದವರು ಹೇಳ್ತಾರ. ಮಾಡೋದು ಕಡಿಮಿ ಆಗ್ತೈತಿ, ಇಲ್ಲಾ ಹೊತ್ತಲ್ಲದ ಹೊತ್ತಿನಾಗ ಆಗ್ತೈತಿ. ಅದಕ್ಕ ನಾ ದೂರ ಇರು ಅಂದಿದ್ದು. ವಾಸನಿ ಸಲುವಾಗಿ ಅಲ್ಲ." ಸುಕನ್ಯಾ ಕನ್ನಡಕ ಮತ್ತೆ ಹಾಕಿಕೊಂಡರು. "ನಾನೂ ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿತ್ತು."

"ಅಂದ್ರ ಅದರಿಂದನ…"

"ಅದರಿಂದನ ಆತು ಅಂತ ಹೇಳಾಕ ಬರಲ್ಲ. ಯಾರಿಗೂ ಬರಲ್ಲ. ಮುಟ್ಟಿದವರಿಗೆಲ್ಲ ಹಿಂಗ ಆಗಂಗಿಲ್ಲ, ಮುಟ್ಟದವರಿಗೂ ಹಿಂಗ ಆಗಿರ್ತೈತಿ. ಆದ್ರ ಇನ್ನ ಮುಂದ ಅದನ್ನ ಮುಟ್ಟಬ್ಯಾಡ."

ಕಹಕಶಾ ತಲೆಯಾಡಿಸಿದಳು. ಹೊಟ್ಟೆಗೆ ಹಚ್ಚಿಸಿಕೊಂಡ ಮಾತನ್ನು ಡಾಕ್ಟರಿಗೆ ಹೇಳಲಿಲ್ಲ.

ಬಸ್ಸಿನಲ್ಲಿ ವಾಸಿಂ ಕೇಳಿದ: "ಏನಂದ್ರು?"

"ಮಾಸು ಸಣ್ಣದಿತ್ತಂತ."

ಅದು ಸುಳ್ಳೇನೂ ಅಲ್ಲ. ಉಳಿದದ್ದನ್ನು ಅವನಿಗೆ ಹೇಳುವಂತಿರಲಿಲ್ಲ. ವಾಸಿಂ ಒಳ್ಳೆಯವನು, ಆದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮನೆಯ ಹೊಸ್ತಿಲು ದಾಟುವ ಮೊದಲೇ ತಾಯಿಯ ಮುಂದೆ ಎಲ್ಲ ಕಕ್ಕಿಬಿಡುವವನು. ಮಸ್ಕಿಯಲ್ಲಿ ಬಸ್ಸು ನಿಂತಿತು. ಅಣ್ಣನ ಮನೆ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಇಳಿಯೋಣವೇನು ಎಂದು ವಾಸಿಂ ಕೇಳಿದ. ಬೇಡ ಎಂದಳು. ಬಸ್ಸು ಹೊರಟಿತು.

ಮನೆಗೆ ಬಂದಾಗ ಜೈನಾಬೀ ಜ್ವರದಲ್ಲೇ ಎದ್ದು ಅನ್ನ ಸಾರು ಮಾಡಿಟ್ಟಿದ್ದಳು. ಸೊಸೆಯ ತಲೆ ಸವರಿ, "ಹಸದಿರಬೇಕು ನೀ, ಉಣ್ಣು ಬಾ," ಎಂದಳು. ಕಹಕಶಾ ಉಂಡಳು. ಆ ಕೈಯನ್ನು ನೋಡಿದಳು. ತನಗೆ ಸಿಟ್ಟು ಬರಬೇಕಲ್ಲ ಎಂದುಕೊಂಡಳು. ಸಿಟ್ಟೂ ಬರಲಿಲ್ಲ, ದುಃಖವೂ ಬರಲಿಲ್ಲ. ಎದೆಯ ಜಾಗದಲ್ಲಿ ಯಾರೋ ಹಲಗೆಯೊಂದನ್ನು ಇಟ್ಟು ಹೋದಂತಿತ್ತು.

ಹೇಳುವುದು ಹೇಗೆ? ಮಗು ಹೋದ ಮೇಲೆ ಬಳಗಾನೂರಿನಿಂದ ಬಂದ ದೂರದ ಚಿಕ್ಕಮ್ಮ ಒಬ್ಬಳು, ವಾಸಿಂಗೆ ಇನ್ನೊಂದು ನಿಕಾಹ್ ಮಾಡಬಾರದೇಕೆ ಎಂದು ಬಾಯಿ ಹಾಕಿದ್ದಳು. ಜೈನಾಬೀ ಅವಳ ಎರಡೂ ಕೈ ಹಿಡಿದುಕೊಂಡು, "ನನ್ನ ಸೊಸಿ ಬಗ್ಗೆ ಇನ್ನೊಂದು ಮಾತಾಡಿದ್ರ, ನೀ ಬಂದ ಬಸ್ಸಿಗೆ ನಾನ ನಿನ್ನ ಹತ್ತಿಸಿ ಬರ್ತೀನಿ ನೋಡು," ಎಂದು ಬಾಯಿ ಮುಚ್ಚಿಸಿದ್ದಳು. ಇಂಥವಳ ಮುಂದೆ ಹೋಗಿ, ಅಮ್ಮೀ, ನೀವು ಪ್ರೀತಿಯಿಂದ ಹಚ್ಚಿದ್ದು ಇಂಥದ್ದು ಎಂದು ಹೇಳುವ ಬಾಯಿ ಯಾವುದು? ಹೇಳಿದರೆ ಹೋದ ಕೂಸು ಬರುವುದಿಲ್ಲ. ಇದ್ದ ಒಬ್ಬ ತಾಯಿಯೂ ಹೋಗುತ್ತಾಳೆ. ಇಷ್ಟು ಲೆಕ್ಕ ಮರಗಟ್ಟಿದ ಮನಸ್ಸಿಗೂ ಬರುತ್ತದೆ.

ಹಾಗಾಗಿ ಅವಳು ಸುಮ್ಮನಿದ್ದಳು. ಅತ್ತರಿನ ಡಬ್ಬಗಳು ಮನೆಗೆ ಮರಳಿದವು, ಗಲ್ಲಿ ಮತ್ತೆ ಘಮಘಮಿಸಿತು. ಕಹಕಶಾ ಮತ್ತೆ ಚಾಪೆಯ ಮೇಲೆ ಕೂತು ತುಂಬತೊಡಗಿದಳು, ಅತ್ತರನ್ನೂ, ಸಾದಾ ತೇಲನ್ನೂ. ಡಾಕ್ಟರು ಬೇಡ ಎಂದದ್ದು ನೆನಪಿತ್ತು. ಯಾರಿಗಾಗಿ ಬಿಡಬೇಕೆಂಬುದು ಹೊಳೆಯಲಿಲ್ಲ. ಒಂದು ದಿನ ಮಾವ ಹೊಸ ಖಸ್ ತಂದು ಮೂಗಿಗೆ ಹಿಡಿದು ಹೇಗಿದೆ ಎಂದು ಕೇಳಿದರು. ಚಲೋ ಐತಿ ಅಬ್ಬಾ ಎಂದಳು. ಅವಳಿಗೆ ಏನೂ ಅನ್ನಿಸಿರಲಿಲ್ಲ. ಅವರು ಸಂತೋಷದಿಂದ ಹೋದರು.

ರಮಜಾನ್ ಹತ್ತಿರ ಬಂದಾಗ ಅರ್ಜುಮಂದ್ ತವರಿಗೆ ಬಂದಳು. ಅವಳ ಗಂಡ ಸಮೀಉಲ್ಲಾ ಹಟ್ಟಿಯ ಗಣಿಯಲ್ಲಿ ಪಾಳಿಯ ಕೆಲಸದವನು. ಅವನು ಗಣಿಗೆ ಇಳಿದರೆ ಕ್ವಾರ್ಟರ್ಸಿನಲ್ಲಿ ಇವಳೊಬ್ಬಳೇ. ಈಗ ಮೂರು ತಿಂಗಳ ಬಸುರಿ, ನೀರು ಕುಡಿದರೂ ವಾಂತಿ. ಜೈನಾಬೀಯ ಸಂಭ್ರಮ ನೋಡಬೇಕಿತ್ತು. ಒಂದು ಕೈ ಮಗಳ ಬೆನ್ನ ಮೇಲೆ, ಇನ್ನೊಂದು ಕೈ ಸೊಸೆಯ ಭುಜದ ಮೇಲೆ. ಸೊಸೆಯ ಮನಸ್ಸಿಗೆ ನೋವಾಗಬಾರದೆಂದು ಮಗಳ ಬಸಿರಿನ ಮಾತನ್ನು ಪಿಸುದನಿಯಲ್ಲಿ ಆಡುತ್ತಿದ್ದಳು. ಜೈನಾಬೀಯ ಪಿಸುದನಿ ಪಕ್ಕದ ಮನೆಗೂ ಕೇಳಿಸುತ್ತಿತ್ತು ಎಂಬುದು ಬೇರೆ ಮಾತು.

ಹಬ್ಬದ ತುಂಬುವ ಕೆಲಸ ಜೋರಾಯಿತು. ಅತ್ತರಿನ ಡಬ್ಬಗಳು ಮತ್ತೆ ಅಂಗಡಿ ಸೇರಿದವು, ಮತ್ತೆ ಪಡಸಾಲೆ ಸೋಪಿನಲ್ಲಿ ಉಜ್ಜಿಸಿಕೊಂಡಿತು. ಆಮೇಲೊಂದು ದಿನ ಬೆಳಿಗ್ಗೆ ಜೈನಾಬೀ ಮಗಳ ಮುಂದೆ ಚಾಪೆ ಹಾಸಿದಳು.

"ಕುಂತ ಕುಂತ ಬ್ಯಾಸರ ಆಕೈತಿ ನಿನಗ. ಭಾಬಿ ಜೋಡಿ ಸಾದಾ ತೇಲ್ ತುಂಬು. ಅದಕ್ಕ ವಾಸನಿ ಇಲ್ಲ, ಏನೂ ಆಗಲ್ಲ."

ಕಹಕಶಾಳ ಕೈಯಲ್ಲಿದ್ದ ಸಿರಿಂಜು ನಿಂತಿತು. "ಆಕಿ ಮಲಕ್ಕೊಳ್ಳಲಿ ಅಮ್ಮೀ. ನಾ ಎಲ್ಲಾ ತುಂಬ್ತೀನಿ," ಎಂದಳು.

ಹೇಳಿದಂತೆ ತುಂಬಿದಳು. ಅರ್ಜುಮಂದ್ ಎದ್ದು ಬರುವ ಮೊದಲೇ ಕೂತು, ಅವಳು ಮಲಗಿದ ಮೇಲೂ ಕೂತು, ಕ್ಯಾನು ತನ್ನ ಪಕ್ಕದಿಂದ ಕದಲದಂತೆ ನೋಡಿಕೊಂಡಳು. ಅರ್ಜುಮಂದ್ ಹತ್ತಿರ ಬಂದು ಕೂತರೆ, ಇಲ್ಲಿ ಕೂರಬೇಡ, ಒಳಗೆ ಹೋಗು ಎನ್ನುವಳು. ಒಂದು ಸಲ ಅವಳ ಕೈಯಿಂದ ಸೀಸೆಯನ್ನು ಕಿತ್ತುಕೊಂಡೂ ಬಿಟ್ಟಳು. ನಾದಿನಿಯ ಕಣ್ಣು ತುಂಬಿತು. ಹೊಟ್ಟೆಯ ಕೂಸು ಕಳಕೊಂಡವಳು, ಇನ್ನೊಬ್ಬರ ಹೊಟ್ಟೆ ನೋಡಿ ಸಹಿಸುತ್ತಿಲ್ಲ, ನಜರ್ ಬಿದ್ದೀತು ಹುಷಾರು ಎಂದು ಪಕ್ಕದ ಮನೆಯವಳು ಗೋಡೆಯಾಚೆಯಿಂದ ಪುಕ್ಕಟೆ ಬುದ್ಧಿ ಹೇಳಿದಳು. ಜೈನಾಬೀ ಅವಳಿಗೂ ನಾಲ್ಕು ಮಾತು ಬಿಗಿದಳು. ಆದರೆ ಸಂಜೆ ಸೊಸೆಯ ತಲೆ ಸವರುತ್ತ, "ಆಕಿ ಮ್ಯಾಲ ಸಿಟ್ಟಾಗಬ್ಯಾಡ ಬೇಟಿ. ಆಕಿದೇನು ತಪ್ಪೈತಿ? ನಿನಗೂ ಅಲ್ಲಾಹ್ ಕೊಡ್ತಾನ," ಎಂದಳು.

ಕಹಕಶಾ ಹೂಂ ಎಂದಳು. ಹೀಗೇ ಹಬ್ಬದ ತನಕ ತಳ್ಳಿದರೆ, ಆಮೇಲೆ ಅರ್ಜುಮಂದ್ ಹಟ್ಟಿಗೆ ಹೋಗುತ್ತಾಳೆ, ತಾನು ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ ಎಂದುಕೊಂಡಳು. ಹೊಟ್ಟೆಕಿಚ್ಚಿನವಳು ಅನ್ನಿಸಿಕೊಂಡರೂ ಚಿಂತೆಯಿಲ್ಲ ಎಂದುಕೊಂಡಳು. ನೋವಾಗದವರಿಗೆ ಅಂಥ ಮಾತು ಹಗುರವೇ.

ಆದರೆ ಒಂದು ಮಧ್ಯಾಹ್ನ ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬಂದಾಗ, ಅರ್ಜುಮಂದ್ ಪಡಸಾಲೆಯಲ್ಲಿ ಅಂಗಾತ ಮಲಗಿದ್ದಳು. ಕಮೀಜು ಮೇಲೆ ಸರಿದಿತ್ತು. ಬಿಸಿಲಿಗೆ ಮೈಯೆಲ್ಲ ಒಣಗಿ ಬಿರಿಬಿರಿ, ಹೊಟ್ಟೆ ತುರಿಸುತ್ತದೆ ಎಂದು ಬೆಳಿಗ್ಗೆಯಿಂದ ಗೋಳಿಡುತ್ತಿದ್ದಳು. ಪಕ್ಕದಲ್ಲಿ ಜೈನಾಬೀ ಕೂತು, ಕ್ಯಾನು ಬಗ್ಗಿಸಿ, ಬಲ ಅಂಗೈಯಲ್ಲಿ ಸಾದಾ ತೇಲ್ ಹಾಕಿಕೊಳ್ಳುತ್ತಿದ್ದಳು. ಉಪವಾಸದ ಮುಖ ಬಾಡಿತ್ತು, ಆದರೂ ನಗುತ್ತಿದ್ದಳು. ಎರಡೂ ಕೈ ಸೇರಿಸಿ ಉಜ್ಜಿದಳು, ಬೆಚ್ಚಗಾಗಲಿ ಎಂದು.

ಕಹಕಶಾ ಓಡಿಬಂದು ಅತ್ತೆಯ ಎರಡೂ ಮುಂಗೈ ಹಿಡಿದಳು.

"ಬ್ಯಾಡ ಅಮ್ಮೀ."

"ಯಾಕ ಬೇಟಿ? ಕೊಬ್ಬರಿ ಎಣ್ಣಿ ವಾಸನಿ ಆಕಿಗೂ ಆಗವಲ್ದು. ನಿನಗ ಹಚ್ಚತಿದ್ನಲ್ಲ, ಹಂಗ ಹಚ್ಚಾಕತ್ತೀನಿ."

"ಬ್ಯಾಡ."

ಅರ್ಜುಮಂದ್ ಎದ್ದು ಕೂತಳು. ಇಷ್ಟು ದಿನ ತಡೆದದ್ದು ಹೊರಬಂತು. "ನನಗ ಹಚ್ಚಿದ್ರ ನಿನಗೇನು ಭಾಬಿ? ನನ್ನ ಮುಟ್ಟಾಕ ಅಮ್ಮೀನ್ನೂ ಬಿಡಂಗಿಲ್ಲೇನು? ನಿನ್ನ ಕೂಸು ಹೋದದ್ದು ನನ್ನಿಂದೇನು?"

ಜೈನಾಬೀ ಮಗಳಿಗೆ ಸುಮ್ಮನಿರು ಎಂದಳು. ಕಹಕಶಾ ಮಾತ್ರ ಹಿಡಿದ ಕೈ ಬಿಡಲಿಲ್ಲ. ಜಿಡ್ಡಿಗೆ ಮುಂಗೈ ಜಾರುತ್ತಿತ್ತು, ಇನ್ನೂ ಬಿಗಿಯಾಗಿ ಹಿಡಿದಳು. ಆಮೇಲೆ ಹೇಳಿದಳು. ಕೂಗಲಿಲ್ಲ, ದನಿ ನಡುಗಲೂ ಇಲ್ಲ. ಪಾಠ ಒಪ್ಪಿಸುವ ಮಕ್ಕಳ ಹಾಗೆ ಡಾಕ್ಟರು ಹೇಳಿದ್ದನ್ನೆಲ್ಲ ಒಂದರ ಹಿಂದೊಂದು ಹೇಳಿದಳು. ಇದು ಎಣ್ಣೆಯಲ್ಲ ಎಂಬುದನ್ನು, ಚರ್ಮದಿಂದ ಒಳಗಿಳಿಯುತ್ತದೆ ಎಂಬುದನ್ನು, ಮಾಸಿನ ತನಕ ಹೋಗಿ ಅಲ್ಲಿ ಆಗಬೇಕಾದ ಹಾರ್ಮೋನನ್ನು ಕೆಡಿಸುತ್ತದಂತೆ ಎಂಬುದನ್ನು. ವಾಸನೆ ಇಲ್ಲದ್ದು ಸಾಧು ಎಂದು ನಾವಂದುಕೊಂಡದ್ದು ತಪ್ಪಂತೆ ಎಂದಳು.

ಅರ್ಜುಮಂದ್ ಕಮೀಜು ಕೆಳಗೆಳೆದುಕೊಂಡು ಗೋಡೆಗೆ ಸರಿದಳು. ಜೈನಾಬೀ ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. ಅವು ಮಿರಮಿರ ಮಿಂಚುತ್ತಿದ್ದವು.

"ನಿನಗ ಯಾವಾಗ ಗೊತ್ತಾತು?" ಎಂದಳು ಕೊನೆಗೆ.

"ನಿಮಗ ಜ್ವರ ಬಂದಿತ್ತಲ್ರಿ, ಅವತ್ತು. ಲಿಂಗಸುಗೂರಿಗೆ ಹೋದಾಗ."

"ಅವತ್ತಿಂದ ನಾ ಮಾಡಿದ್ದು ಉಣ್ಣಾಕತ್ತಿ. ನಾ ತಲಿ ಮುಟ್ಟಿದ್ರ ಸುಮ್ಮನ ನಿಲ್ಲಾಕತ್ತಿ."

"ಹೂಂ."

"ನನ್ನಿಂದ ಆತೇನು?"

ಈ ಪ್ರಶ್ನೆಗಾಗಿಯೇ ಕಹಕಶಾ ಇಷ್ಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು. ಇಲ್ಲ ಎಂದುಬಿಡಬಹುದಿತ್ತು. ಹಾಗೆಂದರೆ ಅತ್ತೆ ನಂಬುತ್ತಿದ್ದಳು, ನಂಬಲು ಕಾಯುತ್ತಲೂ ಇದ್ದಳು. ಆದರೆ ಆ ಹಲಗೆಯ ಕೆಳಗೆ ಎಲ್ಲೋ ಒಂದು ಸಣ್ಣ ಹಟ ಉಳಿದಿತ್ತು. ತನ್ನ ಕೂಸಿನ ವಿಷಯದಲ್ಲಿ ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

"ಅದರಿಂದನ ಆತು ಅಂತ ಹೇಳಾಕ ಬರಲ್ಲಂತ, ಅಮ್ಮೀ."

ಜೈನಾಬೀ ಆ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು.

"ಅಂದ್ರ ಅಲ್ಲ ಅಂತನೂ ಹೇಳಾಕ ಬರಲ್ಲ," ಎಂದಳು.

ಕಹಕಶಾ ಕೈ ಬಿಟ್ಟಳು. ಜೈನಾಬೀ ಎದ್ದು ಬಚ್ಚಲಿಗೆ ಹೋದಳು. ನಲ್ಲಿಯ ನೀರು ಬಿಟ್ಟ ಸದ್ದು ಬಂತು. ಬಹಳ ಹೊತ್ತು ಬರುತ್ತಲೇ ಇತ್ತು.

ಅಲ್ಲಾಭಕ್ಷ್‌ಗೆ ಹೇಳಿದಾಗ ಅವರು ತಾತನ ಕಾಲದಿಂದ ಯಾರಿಗೂ ಏನೂ ಆಗಿಲ್ಲ ಎಂದು ಒಂದು ದಿನ ಕೂಗಾಡಿದರು. ತಾತನ ಕಾಲದಲ್ಲಿ ಗಂಧದೆಣ್ಣೆಯಲ್ಲಿ ಅತ್ತರು ಕಟ್ಟುತ್ತಿದ್ದರು, ಈ ಕ್ಯಾನು ಬಂದದ್ದು ತಮ್ಮ ಕಾಲದಲ್ಲೇ ಎಂಬುದು ಮರುದಿನ ಅವರಿಗೇ ನೆನಪಾಯಿತು. ಕ್ಯಾನುಗಳು ಅಂಗಡಿಯ ಹಿಂದಿನ ಕೋಣೆಗೆ ಹೋದವು. ವಾಸಿಂ ರಬ್ಬರಿನ ಕೈಗವಸು ಹಾಕಿಕೊಂಡು ತುಂಬತೊಡಗಿದ. ಆ ಸೀಸೆಗಳನ್ನು ಕೊಂಡು ಮುಂಗೈಗೆ ಹಚ್ಚಿಕೊಳ್ಳುವ ಊರಿನ ಬಸುರಿಯರ ಮಾತನ್ನು ಮಾತ್ರ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ವ್ಯಾಪಾರಸ್ಥರ ನೆನಪು ಅಷ್ಟು ದೂರ ಹೋಗುವುದಿಲ್ಲ.

ಜೈನಾಬೀ ಯಾರ ಮೇಲೂ ಕೂಗಾಡಲಿಲ್ಲ. ಮೊದಲಿನಂತೆಯೇ ಅಡುಗೆ ಮಾಡಿದಳು, ಸೊಸೆಗೆ ಇಷ್ಟವೆಂದು ಖೀಮಾ ಮಾಡಿದಳು. ಆದರೆ ತಟ್ಟೆಯನ್ನು ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ಮುಂದಕ್ಕೆ ಸರಿಸಿದಳು. ಅಡುಗೆಮನೆಯಲ್ಲಿ ಎದುರಾದರೆ ಗೋಡೆಗೆ ಆತು ನಿಂತು ಸೊಸೆಗೆ ದಾರಿ ಬಿಟ್ಟಳು. ಮಾತಾಡುವಾಗ ಎರಡೂ ಕೈಯನ್ನು ಓಢಣಿಯ ಒಳಗಿಟ್ಟುಕೊಂಡಳು. ತರಕಾರಿಯವಳಿಗೂ ಆಶ್ಚರ್ಯವಾಯಿತು, ಈ ಅಮ್ಮ ಇತ್ತೀಚೆಗೆ ಹೇಳಿದ ದರಕ್ಕೆ ಕೊಂಡು ಹೋಗುತ್ತಾಳಲ್ಲ ಎಂದು.

ಕಹಕಶಾ ದಿನಕ್ಕೆ ಎಷ್ಟೋ ಸಲ ಅಡುಗೆಮನೆಗೆ ಹೋಗಿ ಬಂದಳು. ಉಪ್ಪು ಬೇಕೆಂದಳು, ನೀರು ಬೇಕೆಂದಳು. ಅರ್ಜುಮಂದ್ ಅವಳ ಕೊರಳಿಗೆ ಬಿದ್ದು ಮಾಫ್ ಮಾಡು ಭಾಬಿ ಎಂದು ಅತ್ತಳು. ಅವಳ ಬೆನ್ನು ತಟ್ಟುತ್ತ ಕಹಕಶಾ ಅತ್ತೆಯ ಕಡೆಗೇ ನೋಡುತ್ತಿದ್ದಳು.

ಈದ್ ಬಂತು. ಗಂಡಸರು ನಮಾಜು ಮುಗಿಸಿ ಬಂದರು, ಶೀರ್‌ಖುರ್ಮಾ ಕುದಿಯಿತು, ಗಲ್ಲಿಯ ಹೆಂಗಸರು ಮನೆಮನೆಗೆ ಹೋಗಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಬಂದವರು ತಾವಾಗಿ ತಬ್ಬಿದರೆ ಜೈನಾಬೀ ತಬ್ಬಿಸಿಕೊಂಡಳು. ಆಮೇಲೆ ಸೊಸೆಯ ಎದುರಿಗೆ ಬಂದು ಒಂದು ಮಾರು ದೂರದಲ್ಲೇ ನಿಂತಳು.

"ಈದ್ ಮುಬಾರಕ್ ಬೇಟಿ," ಎಂದಳು ಅಲ್ಲಿಂದಲೇ.

ಕಹಕಶಾ ಮುಂದೆ ಹೋಗಿ ಅವಳನ್ನು ಗಟ್ಟಿಯಾಗಿ ತಬ್ಬಿದಳು. ಜೈನಾಬೀಯ ಕೈಗಳು ಎರಡೂ ಪಕ್ಕ ಜೋತುಬಿದ್ದೇ ಇದ್ದವು.

"ತಲಿ ಮ್ಯಾಲ ಕೈ ಇಡ್ರಿ ಅಮ್ಮೀ."

"ನನ್ನ ಕೈ ಬ್ಯಾಡ ಬೇಟಿ ನಿನಗ."

ಆಗ ಕಹಕಶಾಗೆ ಅಳು ಬಂತು. ಆಸ್ಪತ್ರೆಯಲ್ಲಿ ಬಾರದ್ದು, ಬಸ್ಸಿನಲ್ಲಿ ಬಾರದ್ದು, ಇಷ್ಟು ತಿಂಗಳು ಎಲ್ಲೋ ನಿಂತಿದ್ದದ್ದು ಒಮ್ಮೆಲೇ ಬಂತು. ಅವಳು ಅತ್ತೆಯ ಭುಜದ ಮೇಲೆ ಮುಖವಿಟ್ಟು, ಹಬ್ಬಕ್ಕೆ ಬಂದ ಹೆಂಗಸರೆಲ್ಲ ನೋಡುತ್ತಿದ್ದಂತೆ ಗೊಳೋ ಎಂದು ಅತ್ತಳು. ಜೈನಾಬೀಯ ಕಣ್ಣಲ್ಲೂ ನೀರು ಇಳಿಯುತ್ತಿತ್ತು. ಅವಳು ಕೈ ಎತ್ತಲಿಲ್ಲ. ಸೊಸೆಯ ಕಣ್ಣೊರೆಸಲು ಅರ್ಜುಮಂದ್‌ಳನ್ನು ಕೂಗಿ ಕರೆದಳು.